ಹಿಂದಿನ ತಿರುಪು ಬಿಗಿ, ಮುಂದಿನದು ಸಡಿಲ

ಶುಕ್ರವಾರ. ಭಟ್ಟಿಗಳ ಓಣಿಯಲ್ಲಿ ಹೊಗೆಯಿಲ್ಲ.
ಇಟ್ಟಿಗೆಗೆ ಅಂಗೈ ಇಟ್ಟರೆ ಮಾತ್ರ ಇನ್ನೂ ಬಿಸಿ,
ಜ್ವರ ಬಿಡುತ್ತಿರುವ ಮಗುವಿನ ಹಣೆಯಷ್ಟು.

"ಇಲ್ಲೇ ಹೊಡಿ ಆಚಾರೀ," ಅಂದಳು ಖೈರುನ್ಬಿ,
"ಕೈ ಎತ್ತಿದ್ರ ಉಪ್ಪು ಸಿಗಬೇಕು."
ಇನ್ನೆರಡು ಗೇಣು ಮೇಲೆ, ಎಂದೆ ನಾನು.
ಮರಕ್ಕೂ ಬೆಂಕಿಗೂ
ಬೀಗರ ನಡುವಿನಷ್ಟಾದರೂ ದೂರ ಬೇಕು.
ನಕ್ಕಳು. ಕೈ ಎತ್ತಿ ನಿಂತಳು.
ಅವಳ ಬಳೆ ಗೋಡೆಗೆ ತಾಗಿದಲ್ಲಿ
ನನ್ನ ಪೆನ್ಸಿಲ್ಲಿನ ಗೀಟು.

ಹಲಗೆ ನನ್ನದಲ್ಲ.
ಮುಚ್ಚಿದ ಗಿರಣಿಯ ಹರಾಜಿನಲ್ಲಿ
ಅವಳ ಗಂಡ ಹಯಾತ್ ಸಾಬ್ ತೂಕದ ಲೆಕ್ಕಕ್ಕೆ ತಂದದ್ದು, ಸೌದೆಗೆಂದು.
ಸಾಲಾಗಿ ತೂತು, ಪ್ರತಿ ತೂತಿಗೂ ಒಂದು ಕಂಡಿಕೆ ನಿಲ್ಲುತ್ತಿತ್ತಂತೆ;
ಅಂಚಿಗೆ ಬಿಳಿ ಬಣ್ಣದಲ್ಲಿ ನಲವತ್ತೊಂದು.
ಉಳಿದ ಹಲಗೆಗಳನ್ನೆಲ್ಲ ಒಲೆ ತಿಂದಿತು.
ಇದೊಂದನ್ನು ಯಾಕೆ ಉಳಿಸಿದೆ ಅಂದರೆ
"ಗಟ್ಟಿ ಐತಿ" ಅಂದನಂತೆ. ಅಷ್ಟೇ.
ಈಗ ತೌಡಿನ ಚೀಲಗಳ ಮೇಲೆ ಮಲಗಿದ್ದಾನೆ,
ಉಸಿರಿನಲ್ಲಿ ಸಣ್ಣದೊಂದು ಸಿಳ್ಳೆ.

ಕೀಸುಳಿ ಆಡಿಸಿದೆ. ತೇಗದ ಹೊಟ್ಟಿನಲ್ಲಿ
ತೇಗದ ವಾಸನೆಯೇ ಇಲ್ಲ, ಯಂತ್ರದ ಎಣ್ಣೆಯದು.
ನಂಬರನ್ನು ಕೀಸಲಿಲ್ಲ.

ಮೊದಲ ತೂತು ಸಂದಿಗೆ ಹೊಡೆದು ಕೆಟ್ಟೆ:
ಮಣ್ಣಿನ ಗಾರೆ, ಜೋಳದ ಹಿಟ್ಟಿನಂತೆ ಉದುರಿತು.
ಎರಡನೆಯದು ಇಟ್ಟಿಗೆಯ ನಟ್ಟನಡುವೆ.
ಡ್ರಿಲ್ಲು ಚೀರಿತು. ಕೆಂಪು ಪುಡಿ
ಕೆಳಗೆ ಚೆಲ್ಲಿದ್ದ ಮಂಡಕ್ಕಿಯ ಮೇಲೆ.
"ಖಾರ ಮಂಡಕ್ಕಿ ಆತು ನೋಡು," ಅಂದಳು,
"ಎರಡು ಹಸಿಮೆಣಸಿನಕಾಯಿ ಕರಿಲೇನು?"

ಪ್ಲಾಸ್ಟಿಕ್ ಇಲ್ಲಿ ಒಂದು ವಾರ ಬಾಳದು, ಕರಗುತ್ತದೆ.
ಕಬ್ಬಿಣದ ಬೋಲ್ಟೇ ಬಡಿದೆ, ಕಬ್ಬಿಣದ ಕೈಗಳನ್ನು ಕೂರಿಸಿದೆ,
ಹಲಗೆ ಇಟ್ಟೆ, ರಸಮಟ್ಟ ಇಟ್ಟೆ.
ಗುಳ್ಳೆ ನಡುವಿಗೆ ಬಂದು ನಿಂತಿತು.
"ಸೊಟ್ಟ ಐತಿ," ಅಂದಳು ಖೈರುನ್ಬಿ.
ನೆಟ್ಟಗಿದೆ, ಸೊಟ್ಟಗಿರುವುದು ನಿನ್ನ ಗೋಡೆ.
"ನಮ್ಮಪ್ಪ ಕಟ್ಟಿದ್ದು. ಬೆಂಕಿ ಕಡೆ ಕುಸಿದೈತಿ.
ಮೂವತ್ತು ವರ್ಷ ಹಿಂಗೇ ನೋಡೀನಿ.
ದಿನಾ ಇಲ್ಲಿ ನಿಲ್ಲಾಕಿ ನಾನು,
ನಿನ್ನ ಗುಳ್ಳೆ ಸಂಜಿಗೆ ಮನಿಗೆ ಹೊಕ್ಕತಿ."

ನನ್ನ ಹತ್ತಿರ ಉತ್ತರವಿರಲಿಲ್ಲ.
ಬಲಗಡೆ ಅರ್ಧ ಬೆರಳು ಇಳಿಸಿದೆ.
ಗುಳ್ಳೆಗೆ ಅರ್ಧ ಸುಳ್ಳು, ಗೋಡೆಗೆ ಅರ್ಧ ಸುಳ್ಳು.
ದೂರ ನಿಂತು ನೋಡಿದರೆ
ಯಾರಿಗೂ ಅನುಮಾನ ಬಾರದಷ್ಟು.

ಕೊನೆಗೆ ತಿರುಪು. ಹಿಂದಿನದು ಬಿಗಿ.
ಮುಂದಿನ ತೂತನ್ನು ಉದ್ದಕ್ಕೆ ಕೊರೆದು, ಒಂದು ಸುತ್ತು ಸಡಿಲ ಬಿಟ್ಟೆ.
"ಮತ್ತ ಕರೀಲಿ ಅಂತನಾ?"
ಅಲ್ಲವ್ವಾ. ಒಲೆ ಉರಿದಾಗ ಇದು ಅಡ್ಡಕ್ಕೆ ಕುಗ್ಗುತ್ತದೆ,
ಆಷಾಢದ ಥಂಡಿಗೆ ಹಿಗ್ಗುತ್ತದೆ.
ಎಲ್ಲಾ ಕಡೆ ಬಿಗಿದರೆ ಸೀಳುತ್ತದೆ.
ಅವಳು ಆ ತಿರುಪನ್ನು ಬೆರಳಿನಿಂದ ಒಮ್ಮೆ ಅಲುಗಿಸಿ
ತೌಡಿನ ಚೀಲಗಳ ಕಡೆ ನೋಡಿದಳು. ಏನೂ ಅನ್ನಲಿಲ್ಲ.

ಉಪ್ಪಿನ ಡಬ್ಬಿ. ಬೆಂಕಿಪೊಟ್ಟಣ. ಮರಳು ಸೋಸುವ ಜರಡಿ ಅಲ್ಲ,
ಅದಕ್ಕೆ ಮೊಳೆ ಬೇರೆ ಇದೆ.
ಆಮೇಲೆ ಹಯಾತನ ಎದೆಯ ಪಂಪು,
ನೀಲಿ ಮುಚ್ಚಳದ್ದು, ಅವನ ಕೈಗೆಟುಕುವ ತುದಿಯಲ್ಲಿ.

ಅವನೇ ಎದ್ದು ಬಂದ. ಸೊಟ್ಟವೋ ನೆಟ್ಟಗೋ ನೋಡಲಿಲ್ಲ.
ತೂತುಗಳಲ್ಲಿ ಕಿರುಬೆರಳು ಇಡುತ್ತಾ ಹೋದ,
ಒಂದು, ಎರಡು, ಮೂರು...
ಏಳರಲ್ಲಿ ನಿಂತ. ಉಗುರಿನಿಂದ ಕೆದಕಿ ತೆಗೆದದ್ದು
ಎಣ್ಣೆ ಕುಡಿದು ಕಪ್ಪಾದ ನೂಲಿನ ತುಣುಕು.
ಊದಿದ. ಹಾರಲಿಲ್ಲ. ಅಂಗಿಗೆ ಒರೆಸಿಕೊಂಡ.

ಸಂಜೆ ಒಲೆ ಹೊತ್ತಿತು. ಕೂಲಿ ಸಿಕ್ಕಿತ್ತು,
ಮೇಲೊಂದು ಪೊಟ್ಟಣ ಮಂಡಕ್ಕಿಯೂ;
ಆದರೂ ಬಾಗಿಲಲ್ಲೇ ನಿಂತಿದ್ದೆ.
ಕರಿ ಮರಳಿನಲ್ಲಿ ಅಕ್ಕಿ ಬಿತ್ತು, ಒಮ್ಮೆಗೇ ಬೆಳ್ಳಗಾಯಿತು.
ಆ ಪಟಪಟದ ನಡುವೆ ಬೇರೆಯದೇ ಒಂದು ಸದ್ದು,
ಟಕ್.

ಅವಳು ತಿರುಗಿ ನನ್ನ ಮುಖ ನೋಡಿದಳು.
ಏನಿಲ್ಲ, ಎಂದೆ. ಕೂತುಕೊಳ್ಳುತ್ತಿದೆ.